ಹಾರುಬೂದಿಯ ಇಟ್ಟಿಗೆ

(ಶತಮಾನೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಶತಮಾನೋತ್ಸವದ ನೆನಪಿಗಾಗಿ ಸಮುದಾಯ ಭವನವೊಂದನ್ನು ಕಟ್ಟಿಸಬೇಕೆಂಬ ವಿಚಾರ ಬಂದಾಗ, ಗೋಡೆಗೆ ಸುಟ್ಟ ಇಟ್ಟಿಗೆಯೋ ಬೂದಿಯ ಇಟ್ಟಿಗೆಯೋ ಎಂಬ ಚರ್ಚೆ ಎದ್ದಿತು. "ಬೂದಿಯಿಂದ ಕಟ್ಟಿದ್ದು ನಿಂತೀತೇ?" ಎಂದು ಹಿರಿಯರೊಬ್ಬರು ಕೇಳಿದರು. ಪ್ರಶ್ನೆ ಸಹಜವಾದುದೇ. ಕಟ್ಟಡದ ಕೆಲಸದಲ್ಲಿ ಬಹುಕಾಲ ಕಳೆದವನೆಂದು ಉತ್ತರ ಹೇಳುವ ಹೊಣೆ ನನ್ನ ಪಾಲಿಗೆ ಬಂದಿದೆ.

ಇದು ಒಲೆಯ ಬೂದಿಯಲ್ಲ. 1985ರಲ್ಲಿ ಮೊದಲ ಘಟಕ ಆರಂಭವಾದ ರಾಯಚೂರಿನ ಶಾಖೋತ್ಪನ್ನ ಕೇಂದ್ರದಂಥ ಕಡೆಗಳಲ್ಲಿ ಕಲ್ಲಿದ್ದಲನ್ನು ಹಿಟ್ಟಿನಂತೆ ಪುಡಿಮಾಡಿ ಉರಿಸುತ್ತಾರೆ. ನಮ್ಮ ದೇಶದ ಕಲ್ಲಿದ್ದಲು 100 ಕಿಲೋ ಉರಿದರೆ ಸಾಮಾನ್ಯವಾಗಿ 30-40 ಕಿಲೋ ಬೂದಿಯಾಗಿಯೇ ಉಳಿಯುತ್ತದೆ. ಹೊಗೆಯೊಡನೆ ಮೇಲೇರುವಾಗ ಯಂತ್ರಗಳು ಹಿಡಿದಿಡುವ ನುಣುಪಾದ ಭಾಗವೇ ಹಾರುಬೂದಿ. ರಾಶಿ ಬಿದ್ದಿದ್ದರೆ ಅದು ಬೇಸಿಗೆಯ ಗಾಳಿಗೆ ಹಾರಿ ಸುತ್ತಣ ಹಳ್ಳಿಗಳ ಉಸಿರಿಗೂ ಬೆಳೆಗೂ ಕಂಟಕ.

ಅದೇ ಬೂದಿ ಸುಣ್ಣ ಮತ್ತು ನೀರಿನೊಡನೆ ಬೆರೆತರೆ ಕಲ್ಲಾಗುತ್ತದೆ. ಜ್ವಾಲಾಮುಖಿಯ ಬೂದಿಯಲ್ಲಿ ಈ ಗುಣವನ್ನು ಪ್ರಾಚೀನ ರೋಮನರು ಕಂಡುಕೊಂಡಿದ್ದರು. ರೋಮ್ ನಗರದ ಪ್ಯಾಂಥಿಯಾನಿನ 43 ಮೀಟರ್ ಅಗಲದ ಗುಮ್ಮಟ ಅಂಥ ಗಾರೆಯದು. ಕ್ರಿ.ಶ. 609ರಲ್ಲಿ ಅದು ಮಾತೆ ಮರಿಯಮ್ಮನವರಿಗೂ ರಕ್ತಸಾಕ್ಷಿಗಳಿಗೂ ಅರ್ಪಿತವಾದ ದೇವಾಲಯವಾಯಿತು, ಇಂದಿಗೂ ನಿಂತಿದೆ. ಹಿರಿಯರು ಇದನ್ನು ಒಪ್ಪುವರೆಂದು ನಂಬಿದ್ದೇನೆ.

ಹಾರುಬೂದಿಗೆ ಸುಣ್ಣ, ಜಿಪ್ಸಂ, ಕಲ್ಲಿನ ಪುಡಿ ಸೇರಿಸಿ ಅಚ್ಚಿನಲ್ಲಿ ಒತ್ತುತ್ತಾರೆ. ಸುಣ್ಣ, ಜಿಪ್ಸಂಗಳ ಬದಲು ಸಿಮೆಂಟು ಹಾಕುವವರೂ ಉಂಟು. ಗೂಡು ಬೇಡ, ಸೌದೆ ಬೇಡ. ಹೊಲದ ಮೇಲ್ಮಣ್ಣನ್ನು ಅಗೆಯುವಂತಿಲ್ಲ. ಒಂದು ಅಂಗುಲ ಮೇಲ್ಮಣ್ಣು ಕೂಡಿಬರಲು ಎಷ್ಟು ತಲೆಮಾರು ಬೇಕೆಂಬುದನ್ನು ಒಕ್ಕಲುಮಕ್ಕಳಿಗೆ ನಾನು ಹೇಳಬೇಕಾಗಿಲ್ಲ.

ಆದರೆ ದೋಷವನ್ನು ಮುಚ್ಚಿಡಲಾರೆ. ಒಮ್ಮೆ ಅಗ್ಗವೆಂದು ಒಬ್ಬ ವ್ಯಾಪಾರಿಯಿಂದ ನಾನೇ ತರಿಸಿದ ಬೂದಿಯ ಇಟ್ಟಿಗೆಗಳ ಅಂಚು ಲಾರಿಯಿಂದ ಇಳಿಸುವಾಗಲೇ ಉದುರಿತು; ಗೋಡೆ ಎದ್ದ ಮೇಲೆ ಕೂದಲೆಳೆಯ ಬಿರುಕು ಬಿಟ್ಟಿತು. ಕಾರಣ ಬೂದಿಯಲ್ಲ, ಆತುರ. ಈ ಇಟ್ಟಿಗೆಗೆ ಬೆಂಕಿಯ ಬದಲು ನೀರೇ ಬಲ. ಮೇಸ್ತ್ರಿಗಳು ಕ್ಯೂರಿಂಗ್ ಎನ್ನುವ ಕೆಲಸ ಎರಡು ಮೂರು ವಾರ ನಡೆಯಬೇಕು. ಅವು ಒಂದು ವಾರವೂ ನೀರು ಕಂಡಿರಲಿಲ್ಲ. ಮನೆಯ ಯಜಮಾನರ ಮುಂದೆ ತಲೆತಗ್ಗಿಸಿ ಆ ಗೋಡೆಯನ್ನು ಕೆಡವಿಸಿದೆ.

ಆದ್ದರಿಂದ ಕಟ್ಟಡ ಸಮಿತಿಯವರಲ್ಲಿ ನನ್ನ ಬಿನ್ನಹವಿಷ್ಟೆ: ದರಪಟ್ಟಿಗಿಂತ ಮೊದಲು ತಯಾರಾದ ದಿನಾಂಕವನ್ನು ಕೇಳಿರಿ. ನಾಲ್ಕಾರು ಇಟ್ಟಿಗೆಗಳನ್ನು ಒಣಗಿಸಿ ತೂಗಿ, ಒಂದು ದಿನ ನೀರಿನಲ್ಲಿ ಮುಳುಗಿಸಿ ಮತ್ತೆ ತೂಗಿರಿ. ತೂಕ ನೂರಕ್ಕೆ 20ಕ್ಕಿಂತ ಹೆಚ್ಚು ಏರಿದರೆ ಹಿಂದಕ್ಕೆ ಕಳುಹಿಸಿರಿ. ತಕ್ಕಡಿ ನಮ್ಮ ಮನೆಯಲ್ಲಿದೆ, ನಾಳೆಯೇ ತಂದುಕೊಡುವೆನು.