ಶುಲ್ಕವಿಲ್ಲದ ಶಾಲೆಯ ಋಣ



ನ್ಯೂಯಾರ್ಕ್ ನಗರದಲ್ಲಿ ರೀಜಿಸ್ ಎಂಬ ಬಾಲಕರ ಪ್ರೌಢಶಾಲೆ ಇದೆ. ಜೆಸ್ವಿಟ್ ಪಾದ್ರಿಗಳು 1914ರಲ್ಲಿ ಆರಂಭಿಸಿದ ಈ ಶಾಲೆಯಲ್ಲಿ ಬೋಧನಾ ಶುಲ್ಕವೇ ಇಲ್ಲ. ಪ್ರವೇಶ ಪರೀಕ್ಷೆ ಮತ್ತು ಸಂದರ್ಶನದಲ್ಲಿ ಆಯ್ಕೆಯಾದ ಕ್ಯಾಥೊಲಿಕ್ ಬಾಲಕರು ಇಲ್ಲಿ ಓದುತ್ತಾರೆ.

ಹಾಗಾದರೆ ಹಣ ಎಲ್ಲಿಂದ ಬರುತ್ತದೆ? ನಗರದ ಮಾಜಿ ಮೇಯರ್ ಹ್ಯೂ ಗ್ರಾಂಟ್ ಅವರ ವಿಧವೆ ಜೂಲಿಯಾ ಗ್ರಾಂಟ್ ಹೆಸರು ಹೇಳಿಕೊಳ್ಳದೆ ಕೊಟ್ಟ ದಾನವೇ ಇದರ ಮೂಲನಿಧಿ. ಅಲ್ಲಿ ಓದಿದವರು ಅದಕ್ಕೆ ತಮ್ಮ ಪಾಲನ್ನು ಸೇರಿಸುತ್ತ ಬಂದಿದ್ದಾರೆ.

ಔಷಧಿ ಅಂಗಡಿಯವರ ಮಗ ಆಂಟನಿ ಫೌಚಿ 1958ರಲ್ಲಿ ಇಲ್ಲಿ ಓದು ಮುಗಿಸಿದರು. 1984ರಿಂದ 2022ರವರೆಗೆ ಅಮೆರಿಕದ ಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಸಂಸ್ಥೆಯನ್ನು ಮುನ್ನಡೆಸಿದರು.

ಆದರೆ ಶುಲ್ಕ ತೆಗೆದರೆ ಸಾಲದು. ಮೊದಲಿನಿಂದ ಒಳ್ಳೆಯ ಪಾಠ ಸಿಗದ ಬಡ ಹುಡುಗ ಪ್ರವೇಶ ಪರೀಕ್ಷೆಯ ಬಾಗಿಲಲ್ಲೇ ಉಳಿದುಬಿಡುತ್ತಾನೆ. ಅದಕ್ಕಾಗಿ 2002ರಲ್ಲಿ ‘ರೀಚ್’ ಎಂಬ ಕಾರ್ಯಕ್ರಮ ಶುರುವಾಯಿತು. ಕಡಿಮೆ ಆದಾಯದ ಮನೆಗಳ ಹುಡುಗರನ್ನು ಚಿಕ್ಕ ತರಗತಿಯಲ್ಲೇ ಗುರುತಿಸಿ, ಬೇಸಿಗೆಯಲ್ಲೂ ಶನಿವಾರಗಳಲ್ಲೂ ಉಚಿತವಾಗಿ ಕಲಿಸುತ್ತಾರೆ.

ಸದಸ್ಯರೇ, ಹತ್ತನೆಯ ತರಗತಿಯ ಅಂಕಪಟ್ಟಿ ನೋಡಿ ನೆರವು ಕೊಡುವ ನಾವು ಐದನೆಯ ತರಗತಿಯತ್ತಲೂ ನೋಡಬೇಕು.

ವಿದ್ಯಾರ್ಥಿಗಳೇ, ಉಚಿತವೆಂದರೆ ಯಾರೋ ನಿಮಗಾಗಿ ಮೊದಲೇ ಕೊಟ್ಟಿದ್ದಾರೆ ಎಂದರ್ಥ. ಮೊದಲ ಸಂಬಳ ಬಂದ ತಿಂಗಳು ಇದನ್ನು ನೆನಪಿಸಿಕೊಳ್ಳಿ.