ಕಡಲಾಮೆಗೆ ಬೇಕಾದ ಕತ್ತಲೆ
(ಬಳಗದ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಗ್ಲಾಡ್‌ಸ್ಟೋನ್ ಬಂದರಿನಿಂದ ಸುಮಾರು 80 ಕಿ.ಮೀ. ದೂರದಲ್ಲಿ, ಗ್ರೇಟ್ ಬ್ಯಾರಿಯರ್ ರೀಫ್ ಎಂಬ ಹವಳದ ದಿಬ್ಬಗಳ ಸಾಲಿನ ದಕ್ಷಿಣ ಭಾಗದಲ್ಲಿ, ಹೆರಾನ್ ಎಂಬ ಪುಟ್ಟ ದ್ವೀಪವಿದೆ. ಒಂದು ಗಂಟೆಯೊಳಗೆ ಅದನ್ನು ನಡೆದೇ ಸುತ್ತಿ ಬರಬಹುದು. 1920ರ ದಶಕದಲ್ಲಿ ಅಲ್ಲಿ ಆಮೆಯ ಸೂಪನ್ನು ಡಬ್ಬಿಗೆ ತುಂಬುವ ಕಾರ್ಖಾನೆಯಿತ್ತು. ಮೊಟ್ಟೆಯಿಡಲು ದಡವೇರಿದ ತಾಯಿಯಾಮೆಗಳೇ ಅದರ ಕಚ್ಚಾ ಸಾಮಗ್ರಿ. ಕಾರ್ಖಾನೆ ಮುಚ್ಚಿತು, 1932ರಲ್ಲಿ ಅದೇ ಸ್ಥಳದಲ್ಲಿ ಪ್ರವಾಸಿಗರ ವಿಶ್ರಾಂತಿಧಾಮ ಆರಂಭವಾಯಿತು. ಆ ಕಾಲದ ಪ್ರವಾಸಿಗರು ಆಮೆಯ ಬೆನ್ನೇರಿ ಸವಾರಿ ಮಾಡುವುದನ್ನು ವಿನೋದವೆಂದೇ ಭಾವಿಸಿದ್ದರು. 1943ರಲ್ಲಿ ದ್ವೀಪ ರಾಷ್ಟ್ರೀಯ ಉದ್ಯಾನವಾಯಿತು. 1968ರಲ್ಲಿ ಕ್ವೀನ್ಸ್‌ಲ್ಯಾಂಡ್ ಎಲ್ಲ ಜಾತಿಯ ಕಡಲಾಮೆಗಳಿಗೂ ಕಾನೂನಿನ ರಕ್ಷಣೆ ನೀಡಿತು.

ಆದರೆ ಕೊಲ್ಲದಿದ್ದ ಮಾತ್ರಕ್ಕೆ ಆಮೆ ಉಳಿಯುವುದಿಲ್ಲ. ಹಸಿರು ಕಡಲಾಮೆ ಪ್ರೌಢಾವಸ್ಥೆಗೆ ಬರಲು ಮೂರು ದಶಕಗಳಷ್ಟು ಕಾಲ ಬೇಕು. ಅದು ಇರುಳಿನಲ್ಲಿ ದಡಕ್ಕೆ ಬಂದು, ಮರಳಿನಲ್ಲಿ ಗುಂಡಿ ತೋಡಿ, ಒಮ್ಮೆಗೆ ನೂರರ ಆಸುಪಾಸು ಮೊಟ್ಟೆಗಳನ್ನಿಡುತ್ತದೆ. ಮೇಲೇರುವಾಗ ಜನರ ಓಡಾಟವನ್ನೋ ಟಾರ್ಚಿನ ಬೆಳಕನ್ನೋ ಕಂಡರೆ ಮೊಟ್ಟೆಯಿಡದೆ ಹಿಂದಿರುಗುವುದುಂಟು. ಸುಮಾರು ಎರಡು ತಿಂಗಳಲ್ಲಿ ಹೊರಬರುವ ಮರಿಗಳು ಹೆಚ್ಚು ಬೆಳಕಿರುವ ದಿಗಂತದತ್ತ ಹರಿಯುತ್ತವೆ. ನಿಸರ್ಗದಲ್ಲಿ ಆ ಬೆಳಕು ಕಡಲಿನದು. ವಸತಿಗೃಹವಿರುವಲ್ಲಿ ಜಗುಲಿಯ ದೀಪದ್ದೂ ಆಗಬಹುದು. ದಾರಿ ತಪ್ಪಿದ ಮರಿ ಬಳಲಿ, ಬಿಸಿಲಿಗೆ ಒಣಗಿ, ಹಕ್ಕಿ–ಏಡಿಗಳ ಪಾಲಾಗುತ್ತದೆ.

ಆದುದರಿಂದ ಇಂತಹ ದ್ವೀಪದಲ್ಲಿ ತಂಗುವವರು ಪಾಲಿಸಬೇಕಾದ ಶಿಸ್ತು ಸರಳ: ಕಡಲಿಗೆ ಕಾಣುವ ದೀಪಗಳನ್ನು ಆರಿಸುವುದು, ಪರದೆ ಎಳೆಯುವುದು, ಆಮೆಯ ಎದುರಿಗೆ ಹೋಗದಿರುವುದು, ಮರಳಿನಲ್ಲಿ ತೋಡಿದ ಗುಂಡಿಗಳನ್ನು ಮುಚ್ಚುವುದು. ಖರ್ಚಿಲ್ಲದ ಈ ಕೆಲಸಗಳಿಗೆ ಬೇಕಾದುದು ಸಂಯಮವೊಂದೇ.

ಆದರೂ ದೀಪದಂತೆ ಆರಿಸಲಾಗದ ಅಪಾಯವೊಂದಿದೆ. ಮರಿ ಹೆಣ್ಣೋ ಗಂಡೋ ಎಂಬುದನ್ನು ಗೂಡಿನ ಮರಳಿನ ಉಷ್ಣತೆ ನಿರ್ಧರಿಸುತ್ತದೆ. ಮರಳು ಬಿಸಿಯಾದಷ್ಟೂ ಹೆಣ್ಣುಗಳೇ ಹೆಚ್ಚು. ಈ ಹವಳದ ಸಾಲಿನ ಉತ್ತರ ಭಾಗದಲ್ಲಿ ಹುಟ್ಟಿದ ಎಳೆಯ ಹಸಿರು ಆಮೆಗಳಲ್ಲಿ ಶೇ. 99ರಷ್ಟು ಹೆಣ್ಣುಗಳೆಂದು 2018ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ತಂಪಾದ ದಕ್ಷಿಣದ ತೀರಗಳಲ್ಲಿ ಹುಟ್ಟಿದವುಗಳಲ್ಲಿ ಗಂಡುಗಳ ಪ್ರಮಾಣ ಇನ್ನೂ ಗಣನೀಯವಾಗಿತ್ತು. ಹೀಗಾಗಿ ಹೆರಾನ್‌ನಂತಹ ದಕ್ಷಿಣದ ದ್ವೀಪಗಳ ಒಂದೊಂದು ಗೂಡೂ ಅಮೂಲ್ಯ. ದೂರದಿಂದ ವಿಮಾನವೇರಿ ಆಮೆಯನ್ನು ನೋಡಲು ಬರುವ ಅತಿಥಿಯ ಪ್ರಯಾಣವೂ ಆ ಮರಳಿನ ತಾಪಕ್ಕೆ ತನ್ನ ಪಾಲನ್ನು ಸೇರಿಸುತ್ತದೆ ಎಂಬುದನ್ನು ಪ್ರವಾಸೋದ್ಯಮ ಮರೆಯುವಂತಿಲ್ಲ.

ಮಲೆನಾಡಿಗೂ ಈ ಮಾತು ಹೊರತಲ್ಲ. ಘಟ್ಟವಿಳಿದ ಶರಾವತಿ ಕಡಲು ಸೇರುವ ಹೊನ್ನಾವರದ ಬಳಿ, ಕಾಸರಕೋಡಿನ ತೀರದಲ್ಲಿ, ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಅವುಗಳಿಗೆ ಹುಲಿಗಿರುವಷ್ಟೇ ರಕ್ಷಣೆಯಿದೆ. ಕಾಯಿದೆ ಆಮೆಯನ್ನು ಕಾಯಬಲ್ಲದು; ಮೊಟ್ಟೆಯಿಡುವ ತೀರವನ್ನು ಕಾಯಬೇಕಾದವರು ಜನ. ಕರಾವಳಿಯಲ್ಲಿ ವಸತಿಗೃಹಕ್ಕೆ ಅನುಮತಿ ನೀಡುವ ಮುನ್ನ ಪಂಚಾಯಿತಿಗಳು ಕೇಳಬೇಕಾದ ಮೊದಲ ಪ್ರಶ್ನೆ ಇದು: ರಾತ್ರಿ ಅದರ ದೀಪಗಳು ಯಾವ ಕಡೆಗೆ ಉರಿಯುತ್ತವೆ?