ಆ ಸಿಸ್ಟರ್ ವಾಪಸ್ ಹೇಗೆ ಹೋದ್ರು?

ಪ್ರತಿ ವಾರ ಇಲ್ಲಿ ಬೇರೆಯವರ ಕಥೆ ಹೇಳ್ತೀನಿ. ಈ ವಾರ ನಮ್ಮನೆ ಕಥೆ. ಹೇಳಬಹುದಾ ಅಂತ ಹೆಂಡತಿಯನ್ನ ಕೇಳಿದೆ. "ಹೇಳು, ಆದ್ರೆ ನಾನು ಕಿರುಚಿದ್ದನ್ನ ಜಾಸ್ತಿ ಹೇಳ್ಬೇಡ" ಅಂದ್ಲು. ಆಯ್ತು, ಹೇಳಲ್ಲ.

ಹೆರಿಗೆ, ರಕ್ತ, ಆಂಬುಲೆನ್ಸ್ ಎಲ್ಲ ಬರುತ್ತೆ ಇದರಲ್ಲಿ. ನೀವು ಈಗ ಗರ್ಭಿಣಿಯಾಗಿದ್ದು, ರಾತ್ರಿ ಒಬ್ಬರೇ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿದ್ರೆ ಮೊದಲೇ ಹೇಳ್ಬಿಡ್ತೀನಿ: ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ. ಮಗಳು ಪಕ್ಕದ ರೂಮಲ್ಲಿ ನನ್ನ ಮೈಕಿನ ಸ್ಪಂಜು ಕಚ್ತಾ ಕೂತಿದ್ದಾಳೆ.

ಚೊಚ್ಚಲ ಹೆರಿಗೆ, ಹಾಗಾಗಿ ತವರು ಮನೆ. ತುಮಕೂರು ಜಿಲ್ಲೆಯ ಒಂದು ಹಳ್ಳಿ. ಸೀಮಂತ ಮುಗಿಸಿ ಕರ್ಕೊಂಡು ಹೋಗಿದ್ರು. ನಾನು ಬೆಂಗಳೂರಲ್ಲಿ. ನೋವು ಶುರುವಾಯ್ತು ಅಂತ ಫೋನ್ ಬಂದಾಗ ಸಂಜೆ ಆರು. ತಾಲೂಕು ಆಸ್ಪತ್ರೆ ತಲುಪೋಷ್ಟರಲ್ಲಿ ಹತ್ತೂವರೆ. ರಾತ್ರಿ 1:40ಕ್ಕೆ ಮಗಳು ಹುಟ್ಟಿದಳು. ನಾರ್ಮಲ್ ಡೆಲಿವರಿ. ಸಿಸ್ಟರ್ ಹೊರಗೆ ಬಂದು ಮಗು ತೋರಿಸಿದ್ರು, ಎರಡು ಕೆಜಿ ಒಂಬೈನೂರು ಗ್ರಾಂ ಅಂದ್ರು, ಅತ್ತೆ ಅಳೋಕೆ ಶುರು ಮಾಡಿದ್ರು, ನಾನು ವಾಟ್ಸ್ಆ್ಯಪ್ ಸ್ಟೇಟಸ್ ಹಾಕಿದೆ. ಹೌದು, ಹಾಕಿದೆ. ಸುಳ್ಳು ಯಾಕೆ ಹೇಳಲಿ.

ಆ ಸ್ಟೇಟಸ್‌ಗೆ ಹಾರ್ಟ್‌ಗಳು ಬರ್ತಾ ಇರುವಾಗಲೇ ಬಾಗಿಲ ಒಳಗೆ ಏನೋ ಬದಲಾಯ್ತು. ಅಲ್ಲಿವರೆಗೆ ನಗು, ಮಾತು ಕೇಳ್ತಿತ್ತು. ಆಮೇಲೆ ಬರೀ ಚಿಕ್ಕ ಚಿಕ್ಕ ಮಾತು. "ಇನ್ನೊಂದು ಲೈನ್ ಹಾಕು." "ಡಾಕ್ಟರಿಗೆ ಫೋನ್ ಮಾಡು." ಒಬ್ಬ ಹುಡುಗಿ ಓಡಿ ಬಂದು ಫ್ರಿಜ್ ತೆಗೆದು ಏನೋ ತಗೊಂಡು ಓಡಿದಳು. ಯಾರೂ ಕೂಗಾಡಲಿಲ್ಲ. ಅದೇ ನನಗೆ ಹೆದರಿಕೆ ಆಗಿದ್ದು. ಆಸ್ಪತ್ರೆಯವರು ಬೈಯೋದನ್ನ ನಿಲ್ಲಿಸಿ ಮೆತ್ತಗೆ ಮಾತಾಡೋಕೆ ಶುರು ಮಾಡಿದ್ರೆ ವಿಷಯ ಗಂಭೀರ ಅಂತ ಅವತ್ತು ಗೊತ್ತಾಯ್ತು.

ಏನಾಗ್ತಿತ್ತು ಅಂತ ಆಮೇಲೆ ಅರ್ಥ ಮಾಡ್ಕೊಂಡೆ. ತುಂಬು ಗರ್ಭಿಣಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರೀತಿರುತ್ತೆ. ಮಗು, ಕಸ ಎರಡೂ ಹೊರಗೆ ಬಂದ ಮೇಲೆ ಗರ್ಭಕೋಶ ಮುಷ್ಟಿ ಹಿಡಿದ ಹಾಗೆ ಬಿಗಿಯಾಗಬೇಕು. ಬಿಗಿಯಾದರೆ ರಕ್ತನಾಳಗಳು ಅಮುಕಿ ಮುಚ್ಚಿಕೊಳ್ಳುತ್ತವೆ. ಆಗದಿದ್ದರೆ ನಲ್ಲಿ ತೆರೆದೇ ಇರುತ್ತೆ. ಇದಕ್ಕೆ ಪ್ರಸವಾನಂತರದ ರಕ್ತಸ್ರಾವ ಅಂತಾರೆ, ವಾರ್ಡಿನ ಭಾಷೆಯಲ್ಲಿ ಪಿಪಿಎಚ್. ನೀವು ಸರಿಯಾಗಿ ಊಟ ಮಾಡಿದೀರ, ಮಾತ್ರೆ ತಗೊಂಡಿದೀರ, ತಾಯಿ ಕಾರ್ಡಿನಲ್ಲಿ ಎಲ್ಲ ನಾರ್ಮಲ್ ಇದೆ, ಆದ್ರೂ ಆಗಬಹುದು. ನಮಗೆ ಆಗಿದ್ದು ಹಾಗೇ.

ಫ್ರಿಜ್‌ನಿಂದ ತಂದಿದ್ದು ಆಕ್ಸಿಟೋಸಿನ್. ಗರ್ಭಕೋಶವನ್ನ ಬಿಗಿ ಮಾಡೋ ಇಂಜೆಕ್ಷನ್. ಅದನ್ನ 2ರಿಂದ 8 ಡಿಗ್ರಿ ತಂಪಿನಲ್ಲೇ ಇಡಬೇಕು, ಬಿಸಿಲಿಗೆ ಬಿದ್ರೆ ಶಕ್ತಿ ಕಳ್ಕೊಳ್ಳುತ್ತೆ. ಅಂದ್ರೆ ಬೆಳಗ್ಗೆ ಡ್ಯೂಟಿಗೆ ಬಂದವರು ಆ ಫ್ರಿಜ್ಜಿನ ಥರ್ಮಾಮೀಟರ್ ನೋಡಿದ್ರಾ ಇಲ್ವಾ ಅನ್ನೋದರ ಮೇಲೆ ರಾತ್ರಿ ಎರಡು ಗಂಟೆಗೆ ಒಂದು ಜೀವ ನಿಂತಿರುತ್ತೆ.

ಇನ್ನೊಂದು ವಿಷಯ ಓದಿದೆ. 2023ರಲ್ಲಿ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾದ 80 ಆಸ್ಪತ್ರೆಗಳಲ್ಲಿ ನಡೆದ ಒಂದು ದೊಡ್ಡ ಅಧ್ಯಯನ ಹೊರಬಂತು. ಇ-ಮೋಟಿವ್ ಅಂತ ಹೆಸರು. ದೊಡ್ಡ ಯಂತ್ರ ಏನಿಲ್ಲ. ರಕ್ತ ಎಷ್ಟು ಹೋಯ್ತು ಅಂತ ಅಂದಾಜು ಮಾಡೋ ಬದಲು ಗೆರೆ ಹಾಕಿದ ಪ್ಲಾಸ್ಟಿಕ್ ಚೀಲದಲ್ಲಿ ಅಳೆಯೋದು. ಆಮೇಲೆ ಮಸಾಜ್, ಆಕ್ಸಿಟೋಸಿನ್, ಟ್ರಾನೆಕ್ಸಾಮಿಕ್ ಆಸಿಡ್, ಡ್ರಿಪ್, ಪರೀಕ್ಷೆ. ಇವನ್ನ ಒಂದಾದ ಮೇಲೊಂದು ಕಾದು ಮಾಡದೆ ಒಟ್ಟಿಗೇ ಮಾಡೋದು. ಇಷ್ಟರಿಂದಲೇ ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯೋ ಆಪರೇಷನ್, ಸಾವು ಇವೆಲ್ಲ ಸೇರಿ 60% ಕಡಿಮೆಯಾಯ್ತು. ಆ ಪಟ್ಟಿ ಓದುವಾಗ ನನಗೆ ಮೈ ಜುಮ್ ಅಂತು. ಬಾಗಿಲ ಆಚೆಯಿಂದ ನಾನು ಕೇಳಿದ್ದು ಹೆಚ್ಚುಕಡಿಮೆ ಇದೇ ಪಟ್ಟಿ.

ಡಾಕ್ಟರ್ ಕ್ವಾರ್ಟರ್ಸ್‌ನಿಂದ ಬಂದ್ರು, ನೋಡಿದ್ರು, ರಕ್ತ ಬೇಕಾಗುತ್ತೆ, ಜಿಲ್ಲಾಸ್ಪತ್ರೆಗೆ ಹೋಗಲೇಬೇಕು ಅಂದ್ರು. 108 ಬಂತು. ಹೆರಿಗೆ ಮಾಡಿಸಿದ್ರಲ್ಲ, ಅದೇ ಸಿಸ್ಟರ್ ನನ್ನ ಹೆಂಡತಿ ಜೊತೆ ಗಾಡಿ ಹತ್ತಿದ್ರು. ಅತ್ತೆ ಮಗು ಹಿಡ್ಕೊಂಡು ಪಕ್ಕದ ಮನೆಯವರ ಕಾರಲ್ಲಿ ಹಿಂದೆ. ನಾನು ಡ್ರೈವರ್ ಪಕ್ಕ.

ಒಂದು ಗಂಟೆ ಹತ್ತು ನಿಮಿಷ. ಹಿಂದಿನ ಕಿಟಕಿಯಲ್ಲಿ ತಿರುಗಿ ನೋಡಿದಾಗೆಲ್ಲ ಆ ಸಿಸ್ಟರ್ ಒಂದೇ ಥರ ಇದ್ರು. ಒಂದು ಮಂಡಿ ಊರಿ, ಒಂದು ಕೈ ಹೆಂಡತಿಯ ಹೊಕ್ಕುಳ ಹತ್ತಿರ ಒತ್ತಿ, ತಿಕ್ತಾನೇ ಇದ್ರು. ಗರ್ಭಕೋಶ ಮತ್ತೆ ಮೆತ್ತಗಾಗಬಾರದು ಅಂತ. ಉಬ್ಬು ಬಂದ್ರೆ ಗಾಡಿ ಎಗರುತ್ತೆ, ಕೈ ಮಾತ್ರ ಜಾರಲ್ಲ. ಬಾಯಿ ಕೂಡ ನಿಲ್ಲಿಸಿರಲಿಲ್ಲ, ಏನೋ ಮಾತಾಡ್ತಿದ್ರು. ಸೈರನ್ ಸದ್ದಿಗೆ ಕೇಳ್ಲಿಲ್ಲ.

ಜಿಲ್ಲಾಸ್ಪತ್ರೆಯಲ್ಲಿ ಎರಡು ಬಾಟಲಿ ರಕ್ತ ಕೊಟ್ರು. ಬೆಳಗ್ಗೆ ಒಂಬತ್ತಕ್ಕೆ "ಈಗ ಪರವಾಗಿಲ್ಲ" ಅಂದ್ರು. ಐದನೇ ದಿನ ಡಿಸ್ಚಾರ್ಜ್. ನಾನು ಎರಡು ಕೆಜಿ ಮೈಸೂರ್ ಪಾಕ್ ತಂದು ಅಲ್ಲಿನ ಡಾಕ್ಟರಿಗೆ, ವಾರ್ಡಿಗೆ ಹಂಚಿದೆ, ಕೈ ಮುಗಿದೆ. ಮನೆಗೆ ಬಂದ್ವಿ. ಒಳ್ಳೇ ಮನುಷ್ಯ ಅನ್ನಿಸ್ಕೊಂಡೆ.

ಮೂರು ವಾರ ಆದ್ಮೇಲೆ ಬಾಣಂತಿ ಕೋಣೆಯಲ್ಲಿ ಹೆಂಡತಿ ಕೇಳಿದಳು. "ಆ ಸಿಸ್ಟರ್ ವಾಪಸ್ ಹೇಗೆ ಹೋದ್ರು?"

ನನಗೆ ಗೊತ್ತಿರಲಿಲ್ಲ. ಸ್ಟ್ರೆಚರ್ ಇಳಿಸಿದ ಮೇಲೆ ನಾನು ಅವರ ಕಡೆ ತಿರುಗಿ ನೋಡಿರಲೇ ಇಲ್ಲ. ಹೆಸರು ಕೇಳಿರಲಿಲ್ಲ. ನೀರು ಬೇಕಾ ಅಂತ ಕೇಳಿರಲಿಲ್ಲ.

ಅತ್ತೆಯ ಅಮ್ಮ, ಅಜ್ಜಿ, ಅಲ್ಲೇ ಮೂಲೆಯಲ್ಲಿ ಕೂತಿದ್ರು. ಅವರಿಗೆ ಐದು ಹೆರಿಗೆ, ಐದೂ ಮನೇಲಿ, ಐದೂ ಸೂಲಗಿತ್ತಿ ಕೈಲಿ. "ನಮ್ಮ ಕಾಲದಲ್ಲಿ ಹನ್ನೊಂದನೇ ದಿನ ಅವಳನ್ನ ಕರೆಸಿ, ಮೊರದಲ್ಲಿ ಅಕ್ಕಿ, ಬೆಲ್ಲ, ಕಾಯಿ, ಒಂದು ಸೀರೆ ಇಟ್ಟು ಕೊಡ್ತಿದ್ವಿ. ಮಗು ಮದುವೆಗೂ ಅವಳಿಗೆ ಕರೆ ಹೋಗ್ತಿತ್ತು" ಅಂದ್ರು. ಇದೇ ಜಿಲ್ಲೆಯ ಪಾವಗಡ ತಾಲೂಕಿನವರು ಸೂಲಗಿತ್ತಿ ನರಸಮ್ಮ, ಹೆಸರು ಕೇಳಿರ್ತೀರ. 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ತಾಯಿ, ದುಡ್ಡು ತಗೊಳ್ಳದೆ. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ಕ್ಕೆ ತೀರ್ಕೊಂಡ್ರು.

ಹಳೇ ಕಾಲವೇ ಚೆನ್ನಾಗಿತ್ತು ಅಂತ ನಾನು ಹೇಳ್ತಿಲ್ಲ, ಅಜ್ಜಿಯೂ ಹೇಳಲ್ಲ. ಅವರ ತಂಗಿ ಇದೇ ರಕ್ತಸ್ರಾವದಲ್ಲಿ ಮನೇಲೇ ಹೋದವರು. ಸೂಲಗಿತ್ತಿಗೆ ಕೈ ಇತ್ತು, ಫ್ರಿಜ್ ಇರಲಿಲ್ಲ. 2018-20ರ ಲೆಕ್ಕದಲ್ಲಿ ದೇಶದಲ್ಲಿ 1 ಲಕ್ಷ ಜನನಕ್ಕೆ 97 ತಾಯಂದಿರು ಸಾಯ್ತಿದ್ರು. ಕರ್ನಾಟಕದಲ್ಲಿ 69, ಕೇರಳದಲ್ಲಿ 19. ಅಜ್ಜಿ ಕಾಲಕ್ಕೆ ಹೋಲಿಸಿದ್ರೆ ಎಷ್ಟೋ ವಾಸಿ. ಆದ್ರೆ ಆ 69ಕ್ಕೂ 19ಕ್ಕೂ ನಡುವೆ ಇರೋದು ಬರೀ ಅಂಕಿ ಅಲ್ಲ.

ಅಜ್ಜಿ ಹೇಳಿದ್ದರಲ್ಲಿ ನನಗೆ ಹಿಡಿಸಿದ್ದು ಆ ಮೊರ. ಥ್ಯಾಂಕ್ಸ್ ಹೇಳೋಕೆ ಒಂದು ದಾರಿ ಅಂತ ಇತ್ತು, ದಿನ ಗೊತ್ತಿತ್ತು. ಆಸ್ಪತ್ರೆಯಲ್ಲಿ ಅದು ಇಲ್ಲ. ಅದರ ಜಾಗಕ್ಕೆ ಬಂದಿರೋದು "ಖುಷಿಗೆ ಏನಾದ್ರೂ ಕೊಡಿ" ಅನ್ನೋ ಮಾತು. ಗಂಡಾದ್ರೆ ಇಷ್ಟು, ಹೆಣ್ಣಾದ್ರೆ ಇಷ್ಟು. ಕೊಟ್ಟವರಿಗೂ ಗೊತ್ತು ಅದು ಖುಷಿ ಅಲ್ಲ, ಲಂಚ ಅಂತ. ಆ ಭಯಕ್ಕೇ ಎಷ್ಟೋ ಜನ ಆಸ್ಪತ್ರೆಯಿಂದ ಹೊರಗೆ ಬಂದ ಮೇಲೆ ತಿರುಗಿ ನೋಡಲ್ಲ. ನಿಜವಾಗಿ ಕೈ ಮುಗೀಬೇಕಾದವರಿಗೂ ಮುಗಿಯಲ್ಲ.

ಮಗುಗೆ ಎಂಟು ತಿಂಗಳಾದಾಗ ಮೂವರೂ ಹೋದ್ವಿ. ನಾನು ಒಂದು ಕವರಲ್ಲಿ ಐದು ಸಾವಿರ ಇಟ್ಕೊಂಡಿದ್ದೆ. ಹೆಂಡತಿ ಬೇಡ ಅಂದಳು, ಅಜ್ಜಿ ಹೇಳಿದ ಹಾಗೆ ಸೀರೆ, ಕಾಯಿ, ಬೆಲ್ಲ ತಗೊಂಡಿದ್ದಳು. ದಾರಿಯುದ್ದಕ್ಕೂ ಮಾತಿಲ್ಲ. ಆ ರಾತ್ರಿ ಬಗ್ಗೆ ಅವಳಿಗೆ ಬರೀ ಚೂರು ಚೂರು ನೆನಪು, ಆ ಚೂರುಗಳೇ ನಿದ್ದೆಗೆಡಿಸ್ತಿದ್ವು. ಸೈರನ್ ಕೇಳಿದ್ರೆ ಮಗುನ ಎತ್ಕೊಂಡು ಒಳಗೆ ಹೋಗ್ತಿದ್ದಳು.

ಸಿಸ್ಟರ್ ಡ್ಯೂಟಿಯಲ್ಲಿದ್ರು. ಮೊದಲು ಗುರುತು ಸಿಗಲಿಲ್ಲ. ಏನೋ ಕಂಪ್ಲೇಂಟ್ ಕೊಡೋಕೆ ಬಂದಿದ್ದಾರೆ ಅಂದ್ಕೊಂಡ್ರು, ಮುಖ ಗಟ್ಟಿ ಮಾಡ್ಕೊಂಡ್ರು. ನಾನು ತಾರೀಕು ಹೇಳಿದೆ, ಆಂಬುಲೆನ್ಸ್ ಅಂದೆ. ಅವರು ನನ್ನನ್ನ ಬಿಟ್ಟು ಹೆಂಡತಿಯ ಕಣ್ಣಿನ ರೆಪ್ಪೆ ಕೆಳಗೆ ಎಳೆದು ನೋಡಿದ್ರು. "ರಕ್ತ ಪರವಾಗಿಲ್ಲ. ಕಬ್ಬಿಣದ ಮಾತ್ರೆ ತಗೊಂಡ್ಯಾ?" ಆಮೇಲೆ ಕೇಳಿದ್ರು. "ಏನಮ್ಮ, ಜಾತ್ರೆಗೆ ಹೋಗಿದ್ಯಾ?"

ಹೆಂಡತಿ ಅಲ್ಲೇ ಬೆಂಚಿನ ಮೇಲೆ ಕೂತ್ಕೊಂಡು ಅತ್ತಳು.

ಅವತ್ತು ಆಂಬುಲೆನ್ಸಿನಲ್ಲಿ ಅವಳು ನಿದ್ದೆಗೆ ಜಾರದ ಹಾಗೆ ಸಿಸ್ಟರ್ ಕೇಳ್ತಿದ್ದಿದ್ದು ಅದೇ. ನಿಮ್ಮೂರ ಜಾತ್ರೆ ಯಾವಾಗ, ತೇರು ಎಷ್ಟು ಎತ್ತರ, ಮಂಡಕ್ಕಿ ಎಲ್ಲಿ ಚೆನ್ನಾಗಿರುತ್ತೆ. ಆ ದನಿ ಕನಸು ಅಂತ ಅಂದ್ಕೊಂಡಿದ್ದಳಂತೆ ಇಷ್ಟು ದಿನ. ಸಾಯೋ ಮುಂಚೆ ಬರೋ ಕನಸು. ಯಾರ ಹತ್ತಿರಾನೂ ಹೇಳಿರಲಿಲ್ಲ, ನನ್ನ ಹತ್ತಿರಾನೂ.

ಅರ್ಧ ಗಂಟೆ ಸಿಸ್ಟರ್ ಅವಳಿಗೆ ಆ ರಾತ್ರಿಯನ್ನ ಮೊದಲಿಂದ ಹೇಳಿದ್ರು. ಯಾವ ಇಂಜೆಕ್ಷನ್ ಯಾವಾಗ ಕೊಟ್ಟಿದ್ದು, ಯಾವಾಗ ಸ್ವಲ್ಪ ಧೈರ್ಯ ಬಂತು. ಎಮರ್ಜೆನ್ಸಿ ಟ್ರೇ ತೋರಿಸಿದ್ರು. ಅದರಲ್ಲಿ ಒಂದು ಕಾಂಡೋಮ್, ರಬ್ಬರ್ ಕೊಳವೆ ಇತ್ತು. ನಾನು ಮುಖ ಕೆಂಪು ಮಾಡ್ಕೊಂಡೆ, ಸಿಸ್ಟರ್ ನಕ್ಕರು. ಯಾವುದಕ್ಕೂ ರಕ್ತ ನಿಲ್ಲದಿದ್ರೆ ಅದನ್ನ ಗರ್ಭಕೋಶದ ಒಳಗಿಟ್ಟು ಸಲೈನ್ ತುಂಬಿ ಒಳಗಿಂದ ಒತ್ತುತ್ತಾರೆ. ಬಾಂಗ್ಲಾದೇಶದ ಡಾಕ್ಟರ್ ಸಾಯೆಬಾ ಅಖ್ತರ್ ಕಂಡುಹಿಡಿದ ಉಪಾಯ ಅದು. ನಮಗೆ ಅಲ್ಲಿವರೆಗೆ ಹೋಗಬೇಕಾಗಿ ಬರಲಿಲ್ಲ.

ದುಡ್ಡಿನ ಕವರ್ ನಾನು ಜೇಬಿನಿಂದ ತೆಗೀಲೇ ಇಲ್ಲ. ಸೀರೆಯನ್ನ ಅವರು ಮುಟ್ಟಿ ನಮಸ್ಕಾರ ಮಾಡಿ "ಇದು ತಗೊಳ್ಳೋ ಹಾಗಿಲ್ಲಮ್ಮ" ಅಂತ ವಾಪಸ್ ಕೊಟ್ರು. ಬೆಲ್ಲ, ಕಾಯಿ ಇಟ್ಕೊಂಡ್ರು, ವಾರ್ಡಿಗೆಲ್ಲ ಹಂಚ್ತೀನಿ ಅಂತ. ಮಗುನ ಮಾತ್ರ ಕೆಳಗೆ ಬಿಡಲಿಲ್ಲ. "ಇಲ್ಲಿಂದ ಕಳಿಸಿದ ಮೇಲೆ ಏನಾಯ್ತು ಅಂತ ನಮಗೆ ಗೊತ್ತಾಗಲ್ಲ. ಮಾರನೇ ದಿನ ಫೋನ್ ಮಾಡಿ ಕೇಳಿದ್ದೆ, ಬದುಕಿದಾಳೆ ಅಂದ್ರು, ಅಷ್ಟೇ. ಸರಿ ಇದ್ದವರು ಯಾರೂ ಬರಲ್ಲ. ಬರೋರು ಜಗಳಕ್ಕೇ ಬರ್ತಾರೆ."

ಅವರು ಗುತ್ತಿಗೆ ನೌಕರಿಯಲ್ಲಿದ್ದಾರೆ, ವರ್ಷ ವರ್ಷ ನವೀಕರಣ ಆಗಬೇಕು. ಹೆಂಡತಿ ಮನೆಗೆ ಬಂದು ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿಗೆ, ಜಿಲ್ಲಾ ಆರೋಗ್ಯಾಧಿಕಾರಿಗೆ ಎರಡು ಪುಟದ ಪತ್ರ ಬರೆದಳು. ತಾರೀಕು, ಸಮಯ, ಸಿಸ್ಟರ್ ಹೆಸರು, ಫ್ರಿಜ್ಜಿಗೆ ಓಡಿದ ಹುಡುಗಿಯ ಹೆಸರು, 108ರ ಡ್ರೈವರ್ ಹೆಸರು, ಎಲ್ಲ. ರಿಜಿಸ್ಟರ್ ಪೋಸ್ಟ್. ನಿಮಗೂ ಹೀಗೆ ಯಾರಾದ್ರೂ ಇದ್ರೆ, ಬರೆಯುವಾಗ ಹೆಸರು, ತಾರೀಕು ಹಾಕಿ. "ನಿಮ್ಮ ಸಿಬ್ಬಂದಿ ತುಂಬಾ ಒಳ್ಳೆಯವರು" ಅಂತ ಬರೆದ್ರೆ ಅದು ಯಾರ ಫೈಲಿಗೂ ಸೇರಲ್ಲ.

ಹೊರಡೋ ಮುಂಚೆ ನಾನು ಕೇಳಿದೆ, ಅವತ್ತು ವಾಪಸ್ ಹೇಗೆ ಹೋದ್ರಿ ಅಂತ.

"ಆಂಬುಲೆನ್ಸಿಗೆ ಅಲ್ಲಿಂದಲೇ ಬೇರೆ ಕೇಸ್ ಬಂತು. ಬಸ್‌ಸ್ಟ್ಯಾಂಡಿಗೆ ನಡ್ಕೊಂಡು ಹೋದೆ. ಐದೂವರೆ ಬಸ್ಸು. ಯೂನಿಫಾರಂ ಮೇಲೆ ಕಲೆ ಆಗಿತ್ತಲ್ಲ, ಪಕ್ಕದಲ್ಲಿ ಯಾರೂ ಕೂರಲಿಲ್ಲ, ಆರಾಮಾಗಿ ನಿದ್ದೆ ಮಾಡಿದೆ" ಅಂದ್ರು. ನಗ್ತಾನೇ ಅಂದ್ರು.

ಮುಂದಿನ ವಾರ ಸಿಗ್ತೀನಿ.